ನಡೆಸುವುದಾದರೆ ನೆಟ್ಟಗೆ ನಡೆಸಿ, ಮುಚ್ಚುವುದಾದರೆ ಹೇಳಿ ಮುಚ್ಚಿ: ಆರ್‌ಟಿಪಿಎಸ್ ಕುರಿತು ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರಗಳು.

ವಿದ್ಯುತ್ತಿನ ವಿಷಯವಾದರೂ ಇಂಧನ ಸಚಿವರನ್ನು ಬಿಟ್ಟು ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಕರ್ನಾಟಕ ವಿದ್ಯುತ್ ನಿಗಮದ ಅಧ್ಯಕ್ಷರು ಮುಖ್ಯಮಂತ್ರಿಗಳೇ. ಯಾವ ಪಕ್ಷದ ಸರ್ಕಾರ ಬಂದರೂ ವಿಧಾನಸೌಧದ ಕುರ್ಚಿಯ ಹಿಂದೆಯೇ ನಿಗಮದ ಕುರ್ಚಿಯೂ ಬರುತ್ತದೆ. ಆದ್ದರಿಂದ ಶಕ್ತಿನಗರದಲ್ಲಿರುವ ನಿಗಮದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ, ಅಂದರೆ ಆರ್‌ಟಿಪಿಎಸ್‌ನಲ್ಲಿ, ನಡೆಯುವುದಕ್ಕೂ ನಡೆಯದೆ ಉಳಿಯುವುದಕ್ಕೂ ಕೊನೆಯ ಸಹಿ ತಮ್ಮದು.

ನಾನು ರಾಯಚೂರಿನವನು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನನ್ನಲ್ಲಿ ಓದಿದವರಲ್ಲಿ ಕೆಲವರು ಶಾಖೋತ್ಪನ್ನ ಕೇಂದ್ರದ ಕಾಯಂ ನೌಕರರು, ಅದಕ್ಕಿಂತ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು. ಕೇಂದ್ರವನ್ನು ಇಂದೇ ಮುಚ್ಚಿ ಎಂದು ಕೇಳಲು ನಾನು ಬಂದಿಲ್ಲ. ಎಂದೆಂದಿಗೂ ನಡೆಸಿ ಎಂದು ಕೇಳಲೂ ಬಂದಿಲ್ಲ. ಇದರ ಹಳೆಯ ಘಟಕಗಳ ಭವಿಷ್ಯವೇನು ಎಂಬುದನ್ನು ಸರ್ಕಾರ ದಿನಾಂಕ ಸಹಿತ ಬಾಯಿಬಿಟ್ಟು ಹೇಳಬೇಕು, ಹೇಳಿದ ದಿನದಿಂದ ಊರಿನ ತಯಾರಿ ಶುರುವಾಗಬೇಕು. ನನ್ನ ಬೇಡಿಕೆ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಈ ಕೇಂದ್ರ ಯಾಕೆ ಹುಟ್ಟಿತು ಎಂಬುದನ್ನು ಈಗಿನ ತಲೆಮಾರು ಮರೆತಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಂದಿನಿಂದ ನಮ್ಮ ರಾಜ್ಯ ನೀರನ್ನೇ ನಂಬಿಕೊಂಡಿತ್ತು. ಶರಾವತಿ, ಕಾಳಿ ಕಣಿವೆಗಳು ನಮ್ಮ ಹೆಮ್ಮೆಯಾಗಿದ್ದವು, ಈಗಲೂ ಹೌದು. ಆದರೆ ಮುಂಗಾರು ಕೈಕೊಟ್ಟ ವರ್ಷ ಜಲಾಶಯದ ಜೊತೆ ಕಾರ್ಖಾನೆಗಳೂ ಒಣಗುತ್ತಿದ್ದವು. ಮಳೆಯ ಹಂಗಿಲ್ಲದ ವಿದ್ಯುತ್ತು ಬೇಕೆಂದಾಗ ಕೃಷ್ಣೆಯ ದಂಡೆಯಲ್ಲಿ, ಸೂಗೂರೇಶ್ವರನ ಜಾತ್ರೆಯ ಊರಾದ ದೇವಸೂಗೂರಿನ ಪಕ್ಕದಲ್ಲಿ ರಾಜ್ಯದ ಮೊದಲ ಕಲ್ಲಿದ್ದಲು ಕೇಂದ್ರ ಎದ್ದಿತು. 210 ಮೆಗಾವ್ಯಾಟಿನ ಮೊದಲ ಘಟಕ 1985ರಲ್ಲಿ, ಎರಡನೆಯದು 1986ರಲ್ಲಿ ಬಂದವು. ಮೂರನೆಯದು 1991ಕ್ಕೆ, ನಾಲ್ಕನೆಯದು 1994ಕ್ಕೆ, ಐದು ಮತ್ತು ಆರು 1999ಕ್ಕೆ, ಏಳು 2002ಕ್ಕೆ. ಕೊನೆಯ 250 ಮೆಗಾವ್ಯಾಟಿನ ಎಂಟನೆಯ ಘಟಕ 2010ರದ್ದು. ಎಲ್ಲ ಕೂಡಿದರೆ 1,720 ಮೆಗಾವ್ಯಾಟ್. ಬೆಂಗಳೂರು ಐಟಿ ನಗರವಾಗಿ ಬೆಳೆದ ವರ್ಷಗಳಲ್ಲಿ ಅದರ ದೀಪಗಳ ದೊಡ್ಡ ಪಾಲು ಇಲ್ಲಿಂದ ಹೋಗಿದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಮ್ಮ ಜಿಲ್ಲೆಯ ಭಾಷಣಕಾರರು ಬಳಸಿ ಬಳಸಿ ಸವೆಸಿದ್ದಾರೆ. ನಾನು ಅದನ್ನು ಮತ್ತೆ ತೆಗೆಯುವುದಿಲ್ಲ.

ಗಣಿಯೇ ಇಲ್ಲದ ಜಿಲ್ಲೆಯಲ್ಲಿ ಕಲ್ಲಿದ್ದಲು ಕೇಂದ್ರ ಹೇಗೆ ಬಂತು ಎಂದು ಹೊರಗಿನವರು ಕೇಳುವುದುಂಟು. ನೀರು ಇಲ್ಲಿತ್ತು, ರೈಲು ಇಲ್ಲಿತ್ತು, ಜಾಗ ಇಲ್ಲಿತ್ತು. ಕಲ್ಲಿದ್ದಲು ಮಾತ್ರ ದೂರದ್ದು. ಹತ್ತಿರದ್ದೆಂದರೆ ತೆಲಂಗಾಣದ ಸಿಂಗರೇಣಿ, ಆಮೇಲೆ ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್, ಅದರಾಚೆ ಸಾವಿರ ಕಿಲೋಮೀಟರಿಗೂ ದೂರದ ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್. ಎಂಟೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ ನಾಲ್ಕು ಕೋಟಿ ಯೂನಿಟ್ ದಾಟುತ್ತದೆ. ಒಂದು ಯೂನಿಟ್‌ಗೆ ಸುಮಾರು 650 ಗ್ರಾಂ ಎಂದು ಹಿಡಿದರೂ ದಿನವೊಂದಕ್ಕೆ ಸುಮಾರು 27 ಸಾವಿರ ಟನ್ ಕಲ್ಲಿದ್ದಲು ಬೇಕು, ಅಂದರೆ ಏಳು ರೇಕ್, ಏಳು ಗೂಡ್ಸ್ ರೈಲಿನಷ್ಟು. ಒಂದು ರೇಕ್ ತಡವಾದರೆ ದಾಸ್ತಾನು ಕರಗುತ್ತದೆ, ಎರಡು ದಿನ ಮೂರು ರೇಕ್ ತಪ್ಪಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ.

ಇದಕ್ಕೊಂದು ಪರಿಹಾರವೆಂದು ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿಗಳು ನಮ್ಮ ಪಾಲಿಗೆ ಬಂದಿದ್ದವು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದು ಮಾಡಿದಾಗ ಅವೂ ಹೋದವು. ಮರುವರ್ಷ ನಿಗಮಕ್ಕೇ ಮರಳಿ ಹಂಚಿಕೆಯಾದರೂ ಅಗೆತ ಮತ್ತೆ ಶುರುವಾಗಲು ವರ್ಷಗಳೇ ಹಿಡಿದವು. ಛತ್ತೀಸಗಢದ ಗೋಧ್ನಾದಲ್ಲಿ ಗಣಿಯ ಬಳಿಯೇ ಕೇಂದ್ರ ಕಟ್ಟುತ್ತೇವೆಂದು ಹೊರಟ ಯೋಜನೆ ಕಾಗದದಿಂದ ಮೇಲೇಳಲಿಲ್ಲ. ಯಾರ ಕಾಲದಲ್ಲಿ ಏನು ತಪ್ಪಿತು ಎಂದು ನಾನು ಕೆದಕುವುದಿಲ್ಲ, ಕೆದಕಿದರೆ ಎಲ್ಲ ಪಕ್ಷಗಳ ಹೆಸರೂ ಬರುತ್ತದೆ.

ಈಗ ಮುಖ್ಯ ವಿಷಯ.

ಆರ್‌ಟಿಪಿಎಸ್ ಕಟ್ಟಿದವರು ಅದನ್ನು ಹಗಲು ರಾತ್ರಿ ಒಂದೇ ಲಯದಲ್ಲಿ ಉರಿಯಲೆಂದು ಕಟ್ಟಿದರು. ಇಂದು ಅದರಿಂದ ನಾವು ಕೇಳುತ್ತಿರುವ ಕೆಲಸವೇ ಬೇರೆ. ಪಾವಗಡದ 2,050 ಮೆಗಾವ್ಯಾಟಿನ ಸೌರ ಉದ್ಯಾನ, ಚಿತ್ರದುರ್ಗ, ಗದಗದ ಗಾಳಿಯಂತ್ರಗಳು, ಮಳೆಗಾಲದಲ್ಲಿ ತುಂಬಿದ ಜಲಾಶಯಗಳು ಇವೆಲ್ಲ ಇದ್ದಾಗ ಮಧ್ಯಾಹ್ನ ಕಲ್ಲಿದ್ದಲಿನ ವಿದ್ಯುತ್ತು ಬೇಡ. ಸೂರ್ಯ ಇಳಿಯುತ್ತಲೇ ಬೇಕು. ರಾಜ್ಯದ ವಿದ್ಯುತ್ ಬೇಡಿಕೆ, ಪೂರೈಕೆಗಳನ್ನು ಸರಿದೂಗಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಇಳಿಸಿ ಎಂದು ಸೂಚನೆ ಬರುತ್ತದೆ, ಸಂಜೆಗೆ ಏರಿಸಿ ಎಂದು ಬರುತ್ತದೆ. ಮುಂಗಾರಿನಲ್ಲಿ ಬೇಡಿಕೆ ತೀರಾ ಕುಸಿದರೆ ನಿಲ್ಲಿಸಿಯೇ ಬಿಡಿ ಎಂದು ಬರುತ್ತದೆ. 2020ರ ಕೋವಿಡ್ ದಿನಗಳಲ್ಲಿ ಘಟಕಗಳು ಒಂದಾದ ಮೇಲೊಂದು ಆರಿದ್ದವು.

ಬಾಯ್ಲರ್ ಎಂದರೆ ಬೇಕೆಂದಾಗ ತಿರುವಿ ಹಚ್ಚುವ ಗ್ಯಾಸ್ ಒಲೆಯಲ್ಲ. 540 ಡಿಗ್ರಿ ಶಾಖದ ಉಗಿ ಹೊತ್ತ ದಪ್ಪ ಉಕ್ಕಿನ ಕೊಳವೆಗಳು ಕಾದಾಗ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ವರ್ಷಕ್ಕೆ ಕೆಲವೇ ಬಾರಿ ಹೀಗಾಗಲಿ ಎಂದು ವಿನ್ಯಾಸ ಮಾಡಿದ ಲೋಹವನ್ನು ಮೇಲಿಂದ ಮೇಲೆ ಹಿಗ್ಗಿಸಿ ಕುಗ್ಗಿಸಿದರೆ ಬೆಸುಗೆಯ ಜಾಗಗಳಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಅದೇ ಪತ್ರಿಕೆಗಳಲ್ಲಿ ಬಾಯ್ಲರ್ ಟ್ಯೂಬ್ ಸೋರಿಕೆ ಎಂಬ ಒಂದು ಸಾಲಿನ ಸುದ್ದಿಯಾಗಿ ಬರುತ್ತದೆ. ಕುಲುಮೆ ತಣ್ಣಗಿದ್ದರೆ ಮತ್ತೆ ಹೊತ್ತಿಸಲು ತೈಲ ಸುಡಬೇಕು, ಗಂಟೆಗಟ್ಟಲೆ ಕಾಯಬೇಕು. ಅರ್ಧ ಹೊರೆಯಲ್ಲಿ ನಡೆಸಿದರೆ ಜ್ವಾಲೆ ನಿಲ್ಲಿಸಿಕೊಳ್ಳಲೂ ತೈಲ ಬೇಕಾಗುತ್ತದೆ, ಯೂನಿಟ್‌ಗೆ ಕಲ್ಲಿದ್ದಲೂ ಹೆಚ್ಚು ಹೋಗುತ್ತದೆ. ಸೌರಶಕ್ತಿಯಿಂದ ಉಳಿಸಿದ್ದರಲ್ಲಿ ಒಂದು ಪಾಲು ಹೀಗೆ ಇಲ್ಲಿ ಸೋರಿಹೋಗುತ್ತದೆ. ಇದು ಸೌರಶಕ್ತಿಯ ದೋಷವಲ್ಲ. ಕೆಲಸ ಬದಲಾದ ಮೇಲೂ ಯಂತ್ರವನ್ನು ಬದಲಿಸದೆ ಇದ್ದದ್ದರ ದೋಷ.

ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಇದಕ್ಕೆಂದೇ ನಿಯಮ ಮಾಡಿದೆ. ಕಲ್ಲಿದ್ದಲು ಘಟಕಗಳು ತಮ್ಮ ಸಾಮರ್ಥ್ಯದ ಶೇ 55ಕ್ಕೆ, ಮುಂದೆ ಹಂತ ಹಂತವಾಗಿ ಶೇ 40ಕ್ಕೆ ಇಳಿದು ನಡೆಯುವಂತಿರಬೇಕು. ಅದಕ್ಕೆ ನಿಯಂತ್ರಣ ವ್ಯವಸ್ಥೆ ಬದಲಾಗಬೇಕು, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳು ಸರಿಯಾಗಬೇಕು, ಸಿಬ್ಬಂದಿಗೆ ತರಬೇತಿ ಬೇಕು. ನಲವತ್ತು ವರ್ಷ ಸವೆದ ಘಟಕದ ಮೇಲೆ ಇಷ್ಟು ಹಣ ಹಾಕುವುದು ಲಾಭವೋ, ಅದೇ ಹಣವನ್ನು ಎಂಟನೆಯ ಘಟಕದ ಮೇಲೆ ಹಾಕುವುದು ಲಾಭವೋ? ಈ ಲೆಕ್ಕವನ್ನು ನಿಗಮದ ಎಂಜಿನಿಯರುಗಳು ಮಾಡಬಲ್ಲರು, ಬಹುಶಃ ಮಾಡಿಯೂ ಇದ್ದಾರು. ಕಡತ ತೆರೆಯಬೇಕಾದದ್ದು ತಮ್ಮ ಮೇಜಿನ ಮೇಲೆ.

ಮಳೆಗಾಲದ ಕಲ್ಲಿದ್ದಲಿನ ಬಗ್ಗೆ ಒಂದು ಮಾತು, ಯಾಕೆಂದರೆ ಸಚಿವಾಲಯದ ಟಿಪ್ಪಣಿಗಳಲ್ಲಿ ಇದು ‘ತಾಂತ್ರಿಕ ಕಾರಣ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ತೆರೆದ ವ್ಯಾಗನ್‌ನಲ್ಲಿ ಒಡಿಶಾದಿಂದ ನೆನೆಯುತ್ತ ಬಂದ ಕಲ್ಲಿದ್ದಲು ಪುಡಿಯಾಗಿರುವುದಿಲ್ಲ, ಕಪ್ಪು ಕೆಸರಾಗಿರುತ್ತದೆ. ವ್ಯಾಗನ್ ಟಿಪ್ಲರ್ ಇಡೀ ಡಬ್ಬಿಯನ್ನೇ ಹಿಡಿದು ಮಗುಚಿದರೂ ಒಂದು ಪದರ ತಳಕ್ಕೇ ಅಂಟಿಕೊಂಡಿರುತ್ತದೆ. ಕನ್ವೇಯರ್ ಬೆಲ್ಟಿನ ತಿರುವಿನ ಲಾಳಿಕೆಯಂಥ ಇಳಿಜಾರುಗಳಲ್ಲಿ ಅದು ಗಂಟುಕಟ್ಟುತ್ತದೆ. ಕಲ್ಲಿದ್ದಲು ತುಂಬಿಡುವ ಬಂಕರ್ ಎಂಬ ದೊಡ್ಡ ತೊಟ್ಟಿ ತುಂಬಿದೆ ಎಂದು ಮಾಪಕ ತೋರಿಸಿದರೂ ಕೆಳಗಿನ ಗಿರಣಿಗೆ ಏನೂ ಬೀಳುವುದಿಲ್ಲ. ಆಗ ಹಾರೆ ಹಿಡಿದು, ಸುತ್ತಿಗೆ ಹಿಡಿದು ಬಂಕರ್ ಬಡಿಯುವವರು ಯಾರು? ಗುತ್ತಿಗೆ ಹುಡುಗರು. ಆ ಬಡಿತದ ಸದ್ದಿನಲ್ಲಿ ಪಕ್ಕದವನ ಮಾತು ಕೇಳಿಸುವುದಿಲ್ಲ, ಕೈಸನ್ನೆಯಲ್ಲೇ ಕೆಲಸ ಸಾಗುತ್ತದೆ. 210 ಮೆಗಾವ್ಯಾಟ್ ಎಂಬ ಅಂಕಿಯನ್ನು ಬೆಂಗಳೂರಿನ ಪರದೆಯ ಮೇಲೆ ಹಿಡಿದು ನಿಲ್ಲಿಸುವುದು ಎಷ್ಟೋ ಸಲ ಈ ಸುತ್ತಿಗೆ.

ಹಳೆಯದೆಲ್ಲ ಹೋಗಲಿ ಎನ್ನುವವರಿಗೆ 2023ರ ಅಕ್ಟೋಬರ್ ನೆನಪಿಸಬೇಕು. ಮಳೆ ಕೈಕೊಟ್ಟಿತ್ತು, ಜಲಾಶಯಗಳು ತುಂಬಿರಲಿಲ್ಲ, ಒಣಗುವ ಬೆಳೆಗೆ ನೀರೆತ್ತಲು ಪಂಪ್‌ಸೆಟ್ಟುಗಳ ಬೇಡಿಕೆ ಏರಿತ್ತು. ರಾಜ್ಯದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಖಾಸಗಿ ಉತ್ಪಾದಕರ ಮೇಲೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಪ್ರಯೋಗಿಸಬೇಕಾಯಿತು. ಏಳು ಗಂಟೆ ತ್ರಿಫೇಸ್ ಕೇಳಿ ನಮ್ಮ ಭಾಗದ ರೈತರು ಬೀದಿಗಿಳಿದರು. ಮುಂದಿನ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಅಂಥ ಹೊತ್ತಿನಲ್ಲಿ ಶಕ್ತಿನಗರದ ಪ್ರತಿ ಮೆಗಾವ್ಯಾಟೂ ಬೇಕು. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ಬೇಡಿಕೆ ಕಡಿಮೆಯಿದ್ದಾಗ ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ತು ಪಡೆಯುವ ವ್ಯವಸ್ಥೆ) ಮಾಡುತ್ತೇವೆ, ಸಂಜೆಯ ಕೊರತೆ ಅಲ್ಲಿಂದ ತುಂಬುತ್ತದೆ ಎಂದು ನಿಗಮ ಹೇಳುತ್ತಿದೆ. ಸಿಂಗಳೀಕಗಳ ಕಾಡಿನಲ್ಲಿ ಸುರಂಗ ಕೊರೆಯುವ ಆ ಯೋಜನೆಯ ಬಗ್ಗೆ ಮಲೆನಾಡಿನವರಿಗೆ ಅವರದೇ ಪ್ರಶ್ನೆಗಳಿವೆ, ಅವು ನ್ಯಾಯವಾದವು. ಅದೇನೇ ಇರಲಿ, ಇನ್ನೂ ಕಟ್ಟದ ಯೋಜನೆಯನ್ನು ತೋರಿಸಿ ಇರುವ ಕೇಂದ್ರದ ದುರಸ್ತಿ ಮುಂದೂಡಬಾರದು.

ಒಂದು ಘಟಕವನ್ನು ಆಪತ್ಕಾಲಕ್ಕೆಂದು ಇಟ್ಟುಕೊಳ್ಳುವುದು ಬೇರೆ, ನಿರ್ಧಾರ ಮಾಡಲಾಗದೆ ಇಟ್ಟುಕೊಳ್ಳುವುದು ಬೇರೆ. ಆಪತ್ಕಾಲಕ್ಕೆಂದು ಇಟ್ಟುಕೊಂಡರೆ ಅದಕ್ಕೆ ಕಲ್ಲಿದ್ದಲಿನ ದಾಸ್ತಾನು, ಬಿಡಿಭಾಗ, ವಾರ್ಷಿಕ ದುರಸ್ತಿ, ಆಳುಗಳು ಎಲ್ಲದಕ್ಕೂ ಲೆಕ್ಕವಿರುತ್ತದೆ, ಹಣವಿರುತ್ತದೆ. ಎರಡನೆಯದರಲ್ಲಿ ಏನೂ ಇರುವುದಿಲ್ಲ. ನಿವೃತ್ತರಾದ ಎಂಜಿನಿಯರಿನ ಜಾಗ ಖಾಲಿ ಉಳಿಯುತ್ತದೆ, ದೊಡ್ಡ ದುರಸ್ತಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಬಿಡಿಭಾಗವನ್ನು ಪಕ್ಕದ ಘಟಕದಿಂದ ಬಿಚ್ಚಿ ತರುವ ಕಾಲ ಬರುತ್ತದೆ. ಮುಚ್ಚುವ ಆದೇಶವಿಲ್ಲದೆಯೇ ಕೇಂದ್ರವೊಂದು ಮುಚ್ಚಿಹೋಗುವ ದಾರಿ ಇದು. ಸರ್ಕಾರಿ ಶಾಲೆಗಳ ವಿಷಯದಲ್ಲಿ ಈ ದಾರಿಯನ್ನು ನಾವು ಕಂಡಿದ್ದೇವೆ.

ಪಂಜಾಬಿನ ಬಠಿಂಡಾದಲ್ಲಿ ಏನಾಯಿತೆಂದು ತಮ್ಮ ಅಧಿಕಾರಿಗಳಿಂದ ತರಿಸಿ ನೋಡಿ. ಅಲ್ಲಿನದೂ ರಾಜ್ಯ ಸರ್ಕಾರದ್ದೇ ಕೇಂದ್ರ, 460 ಮೆಗಾವ್ಯಾಟ್, ನಾಲ್ಕು ಘಟಕ, 1970ರ ದಶಕದ್ದು. ನೂರಾರು ಕೋಟಿ ರೂಪಾಯಿ ಸುರಿದು ನವೀಕರಿಸಿದರು. ಬಳಿಕ 2018ರ ಜನವರಿ 1ರಿಂದ ಮುಚ್ಚಿದರು. ಗುತ್ತಿಗೆ ಕಾರ್ಮಿಕರು ಚಳಿಯಲ್ಲಿ ಧರಣಿ ಕುಳಿತರು. ಆಮೇಲೆ ಆ ಜಮೀನಿನಲ್ಲಿ ಏನು ಮಾಡುವುದೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ತಮಿಳುನಾಡಿನ ಎಣ್ಣೂರು ಕೇಂದ್ರ 2017ರಲ್ಲಿ, ದಿಲ್ಲಿಯ ಬದರಪುರ 2018ರಲ್ಲಿ ನಿಂತವು. ಬದರಪುರದ ಬೂದಿ ಹೊಂಡದ ಮೇಲೆ ಉದ್ಯಾನದ ಕೆಲಸವಾದರೂ ಆಗುತ್ತಿದೆ, ಅದು ರಾಜಧಾನಿ. ರಾಯಚೂರಿನ ಬೂದಿ ಹೊಂಡದ ಮೇಲೆ ಉದ್ಯಾನ ಕಟ್ಟಲು ಯಾರೂ ತಾವಾಗಿ ಓಡಿ ಬರುವುದಿಲ್ಲ. ಆದ್ದರಿಂದ ಮೊದಲೇ ಬರೆದಿಡಬೇಕು.

ಈ ಬೂದಿಯ ಬಗ್ಗೆ ಸ್ವಲ್ಪ ಸಾವಕಾಶವಾಗಿಯೇ ಬರೆಯುತ್ತೇನೆ. ವಿದ್ಯುತ್ತು ತಂತಿಯಲ್ಲಿ ಹೋಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೂದಿಯೇ ಇರುತ್ತದೆ. 27 ಸಾವಿರ ಟನ್ ಸುಟ್ಟ ದಿನ ಒಂಬತ್ತು ಸಾವಿರ ಟನ್ ಆಸುಪಾಸು ಬೂದಿ ಎಂದಾಯಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹಾರುಬೂದಿ. ಹೊಗೆಯ ಜೊತೆ ಏರುವ ಅದನ್ನು ಇಎಸ್‌ಪಿ ಎಂಬ ಯಂತ್ರ ವಿದ್ಯುತ್ ಸೆಳೆತದಿಂದ ಹಿಡಿಯುತ್ತದೆ. ಉಳಿದದ್ದು ಕುಲುಮೆಯ ತಳಕ್ಕೆ ಬೀಳುವ ದಪ್ಪ ಬೂದಿ, ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಹೊಂಡಕ್ಕೆ ಹೋಗುತ್ತದೆ. ಒಣ ಹಾರುಬೂದಿಗೆ ಬೆಲೆಯಿದೆ. ಪೋಜೊಲಾನಾ ಸಿಮೆಂಟಿನಲ್ಲಿ ಶೇ 35ರವರೆಗೆ ಇದನ್ನು ಬೆರೆಸಬಹುದು, ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಪಟ್ಟಿ ಹತ್ತಿರದ ಕಲಬುರಗಿ ಜಿಲ್ಲೆಯಲ್ಲೇ ಇದೆ. ಇಟ್ಟಿಗೆ ಮಾಡುವವರೂ ಕೇಳುತ್ತಾರೆ. ಹೊಂಡದ ಹಸಿ ಬೂದಿಗೆ ಮಾತ್ರ ಹೇಳಿಕೊಳ್ಳುವಂಥ ಗಿರಾಕಿಯಿಲ್ಲ.

ಬೂದಿಗೆ ಬೆಲೆ ಬಂದ ಕೂಡಲೇ ಅದರ ಹಿಂದೆ ಟೆಂಡರು, ಸಾಗಣೆ, ದಲ್ಲಾಳಿ, ರಾಜಕೀಯ ಎಲ್ಲ ಬಂದವು. ನನಗೆ ಅದಕ್ಕಿಂತ ಮುಖ್ಯವಾದದ್ದು ಲಾರಿ. ಮುಚ್ಚಿದ ಟ್ಯಾಂಕರಿನಲ್ಲಿ ಹೋಗುವ ಒಣ ಬೂದಿ ಅಷ್ಟು ತೊಂದರೆ ಕೊಡುವುದಿಲ್ಲ. ಟಿಪ್ಪರಿನಲ್ಲಿ ಹೇರಿ, ಹೆಸರಿಗೊಂದು ತಾಡಪಾಲು ಹೊದಿಸಿ ಹೊರಟ ಹೊಂಡದ ಬೂದಿ ಹೆದ್ದಾರಿಯ ಪ್ರತಿ ಗುಂಡಿಗೂ ಒಂದು ಬೊಗಸೆ ಚೆಲ್ಲುತ್ತ ಹೋಗುತ್ತದೆ. ಹಸಿಯಿದ್ದಾಗ ಅದು ಜಾರುತ್ತದೆ. ಒಣಗಿದ ಮೇಲೆ, ಏಪ್ರಿಲ್‌ನ 43 ಡಿಗ್ರಿ ಬಿಸಿಲಿನಲ್ಲಿ, ಮುಂದಿನ ಬಸ್ಸು ಹೋದಾಗ ಮೇಲೇಳುತ್ತದೆ. ಬೈಕ್ ಸವಾರ ಒಂದು ಕ್ಷಣ ಕಣ್ಣು ಮುಚ್ಚುತ್ತಾನೆ. ಹೆದ್ದಾರಿಯಲ್ಲಿ ಒಂದು ಕ್ಷಣ ಸಾಕು. ರಸ್ತೆಯಂಚಿನ ಹತ್ತಿ ಗಿಡದ ಎಲೆಯನ್ನು ಬೆರಳಲ್ಲಿ ಒರೆಸಿದರೆ ಸಿಮೆಂಟಿನ ಬಣ್ಣದ ನುಣ್ಣನೆಯ ಪುಡಿ ಬರುತ್ತದೆ. ಅರಳಿದ ಹತ್ತಿಯಲ್ಲಿ ಅದು ಸೇರಿದರೆ ಮಾರುಕಟ್ಟೆಯಲ್ಲಿ ದರ ಇಳಿಸಲು ಖರೀದಿದಾರನಿಗೆ ಬೇರೆ ನೆಪ ಬೇಕಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಹಾರುಬೂದಿ ಬಳಕೆಯ ಮೊದಲ ಅಧಿಸೂಚನೆ 1999ರದ್ದು. 2021ರ ಡಿಸೆಂಬರ್ 31ರ ಅಧಿಸೂಚನೆ ಇನ್ನೂ ಗಟ್ಟಿ: ಬೂದಿ ಶೇ 100 ಬಳಕೆಯಾಗಬೇಕು, ಉಳಿದ ಬೂದಿಗೆ ಟನ್ನಿಗೆ 1,000 ರೂಪಾಯಿ ದಂಡ, ಹಳೆಯ ಹೊಂಡಗಳಲ್ಲಿ ಕೂಡಿಬಿದ್ದದ್ದನ್ನೂ ಹಂತ ಹಂತವಾಗಿ ಖಾಲಿ ಮಾಡಬೇಕು, 300 ಕಿಲೋಮೀಟರ್ ಒಳಗಿನ ಸರ್ಕಾರಿ ಕಾಮಗಾರಿಗಳು ಇದನ್ನು ಬಳಸಬೇಕು. ಮುನ್ನೂರು ಕಿಲೋಮೀಟರ್ ಎಂದರೆ ಕಲ್ಯಾಣ ಕರ್ನಾಟಕದ ಹೆಚ್ಚುಕಡಿಮೆ ಎಲ್ಲ ರಸ್ತೆಗಳೂ ಅದರೊಳಗೆ ಬಂದವು. ನಮ್ಮ ಲೋಕೋಪಯೋಗಿ ಇಲಾಖೆ ಹೊಲದ ಮಣ್ಣು ಅಗೆದು ರಸ್ತೆಯ ಏರಿ ಕಟ್ಟುವ ಬದಲು ಹೊಂಡದ ಬೂದಿ ಒಯ್ಯಲು ತಾವು ಒಂದು ಆದೇಶ ಮಾಡಬಹುದು. ಎರಡೂ ಇಲಾಖೆಗಳು ತಮ್ಮ ಸರ್ಕಾರದವೇ. ತಾಡಪಾಲು ಹೊದಿಸದ ಲಾರಿಯನ್ನು ಕೇಂದ್ರದ ಗೇಟಿನಲ್ಲೇ ತಡೆಯಲು ಹೊಸ ಕಾನೂನೂ ಬೇಡ, ಹೆಚ್ಚು ಹಣವೂ ಬೇಡ. ತೂಕದ ಚೀಟಿ ಕೊಡುವವನಿಗೆ ಇನ್ನೊಂದು ಕೆಲಸ, ಅಷ್ಟೇ.

ಗಾಳಿಯ ವಿಷಯಕ್ಕೆ ಬಂದರೆ ಕಾನೂನು ಕಟ್ಟುವುದಕ್ಕಿಂತ ಸಡಿಲಿಸುವುದೇ ಹೆಚ್ಚಾಗಿದೆ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲು ಕೇಂದ್ರಗಳ ಹೊಗೆಗೆ ಬಿಗಿಯಾದ ಮಿತಿ ಹಾಕಿತು. ಎರಡು ವರ್ಷದಲ್ಲಿ ಜಾರಿ ಎಂದದ್ದು 2022ಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ದೇಶದ ಸುಮಾರು ಶೇ 78ರಷ್ಟು ಘಟಕಗಳಿಗೆ ಗಂಧಕ ತೆಗೆಯುವ ಯಂತ್ರ ಹಾಕುವ ಹೊಣೆಯಿಂದಲೇ ವಿನಾಯಿತಿ ಸಿಕ್ಕಿತು. ಧೂಳಿನ ಮಿತಿಯಲ್ಲಿಯೂ ವಯಸ್ಸಿನ ರಿಯಾಯಿತಿಯಿದೆ. 2003ರ ಕೊನೆಯೊಳಗೆ ಬಂದ ಘಟಕಗಳಿಗೆ ಘನಮೀಟರಿಗೆ 100 ಮಿಲಿಗ್ರಾಂ, ಆಮೇಲಿನವಕ್ಕೆ 50, ತೀರಾ ಹೊಸವಕ್ಕೆ 30. ಅಂದರೆ ಒಂದೇ ಆವರಣದಲ್ಲಿ ಏಳು ಘಟಕಗಳಿಗೆ ಒಂದು ಮಿತಿ, ಎಂಟನೆಯದಕ್ಕೆ ಅದರ ಅರ್ಧ. ಉಸಿರಾಡುವವರಿಗೆ ಯಾವ ಚಿಮಣಿಯ ಧೂಳೆಂದು ಆರಿಸಿಕೊಳ್ಳುವ ಅವಕಾಶವಿಲ್ಲ. ಚಿಮಣಿಗಳ ಅಳತೆ ಗಂಟೆಗಂಟೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕೆಂಬ ವ್ಯವಸ್ಥೆ ಇದೆಯಲ್ಲ, ಅದೇ ಅಂಕಿಗಳನ್ನು ದೇವಸೂಗೂರಿನ ಬಸ್ ನಿಲ್ದಾಣದಲ್ಲಿ ದೊಡ್ಡ ಫಲಕದ ಮೇಲೆ ಕನ್ನಡದಲ್ಲಿ ತೋರಿಸಿ. ಮಿತಿಯೆಷ್ಟು, ಇವತ್ತಿನದೆಷ್ಟು, ಎರಡೇ ಸಾಲು ಸಾಕು. ಚಿನ್ನದ ದರ ಓದಲು ಬಲ್ಲ ಜನ ಅದನ್ನೂ ಓದಬಲ್ಲರು.

ನೀರಿನ ಮಾತು ಚಿಕ್ಕದು. ಅದೇ 2015ರ ನಿಯಮದಂತೆ ಹಳೆಯ ಕೇಂದ್ರಗಳು ಯೂನಿಟ್‌ಗೆ 3.5 ಲೀಟರಿಗಿಂತ ಹೆಚ್ಚು ನೀರು ಬಳಸುವಂತಿಲ್ಲ. ಮಿತಿಯೊಳಗೇ ಇದ್ದರೂ ಪೂರ್ಣ ಉತ್ಪಾದನೆಯ ದಿನ 14 ಕೋಟಿ ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ನಾರಾಯಣಪುರ ಜಲಾಶಯದಿಂದ ಕೇಂದ್ರಕ್ಕೆಂದು ನೀರು ಬಿಡಿಸಿಕೊಳ್ಳುವ ಪದ್ಧತಿಯಿದೆ. ಅದೇ ಹೊತ್ತಿನಲ್ಲಿ ಕಾಲುವೆಯ ಕೊನೆಯ ಭಾಗದ ರೈತರೂ ಊರುಗಳೂ ಅದೇ ನೀರಿಗೆ ಕೈಯೊಡ್ಡಿರುತ್ತಾರೆ. ಎಷ್ಟು ಬಿಟ್ಟರು, ಎಷ್ಟು ಕೇಂದ್ರಕ್ಕೆ ಬಂತು, ಎಷ್ಟು ನದಿಗೆ ಮರಳಿತು ಎಂಬ ಮೂರು ಅಂಕಿ ಪ್ರತಿ ತಿಂಗಳು ಪ್ರಕಟವಾದರೆ ಅರ್ಧ ಜಗಳ ಕಡಿಮೆಯಾದೀತು.

ಇನ್ನು ಹಣ. ವಿದ್ಯುತ್ ಪೂರೈಕೆ ಕಂಪನಿಗಳು ನಿಗಮಕ್ಕೆ ಕೊಡಬೇಕಾದ ಬಾಕಿ ಸಾವಿರಾರು ಕೋಟಿ ರೂಪಾಯಿ. ನಿಗಮ ಸಾಲ ಮಾಡಿ ಕಲ್ಲಿದ್ದಲು ಕೊಳ್ಳುತ್ತದೆ, ಸಾಲದ ಬಡ್ಡಿ ಮತ್ತೆ ದರದ ಮೇಲೆ ಬೀಳುತ್ತದೆ. ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತು ಇರಲಿ, 2023ರಿಂದ ಬಂದ ಗೃಹಜ್ಯೋತಿ ಇರಲಿ, ನಾನು ವಿರೋಧಿಯಲ್ಲ. ನಮ್ಮ ಓಣಿಯ ಎಷ್ಟೋ ಮನೆಗಳ ತಿಂಗಳ ಲೆಕ್ಕ ಅದರಿಂದ ಹಗುರವಾಗಿದೆ. ಆದರೆ ಉಚಿತ ಕೊಟ್ಟದ್ದರ ಬೆಲೆ ಕಂಪನಿಗಳಿಗೆ, ಕಂಪನಿಗಳಿಂದ ನಿಗಮಕ್ಕೆ ಸಕಾಲದಲ್ಲಿ ತಲುಪಬೇಕು. ತಲುಪದಿದ್ದಾಗ ಮೊದಲು ಕತ್ತರಿ ಬೀಳುವುದು ದುರಸ್ತಿಗೆ. ದುರಸ್ತಿ ಮುಂದೂಡಿದ್ದು ಆ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ.

ರಾಯಚೂರಿನ ಬಳಿಯೇ ಇರುವ ಇನ್ನೊಂದು ಕಲ್ಲಿದ್ದಲು ಕೇಂದ್ರವಾದ ಯರಮರಸ್‌ನ ಪ್ರಸ್ತಾಪ ಮಾಡದೆ ಈ ಪತ್ರ ಪೂರ್ತಿಯಾಗದು. ಅಲ್ಲಿನ ಎರಡು ಘಟಕಗಳು ತಲಾ 800 ಮೆಗಾವ್ಯಾಟಿನವು, ಸೂಪರ್ ಕ್ರಿಟಿಕಲ್ ತಂತ್ರಜ್ಞಾನದವು. ಶಕ್ತಿನಗರದ ಹಳೆಯ ಘಟಕಗಳಿಗೆ ಹೋಲಿಸಿದರೆ ಅದೇ ಒಂದು ಯೂನಿಟ್‌ಗೆ ಕಡಿಮೆ ಕಲ್ಲಿದ್ದಲು, ಕಡಿಮೆ ಬೂದಿ. ಕಟ್ಟಿದ ಸಾಲದ ಕಂತು ಮಾತ್ರ ಭಾರಿ. ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲಾಗಿದೆ. ಹೊಸದನ್ನು ಗುತ್ತಿಗೆಗೆ ಕೊಟ್ಟು ಹಳೆಯದನ್ನು ತಾನಿಟ್ಟುಕೊಂಡ ನಿಗಮದ ಎಂಜಿನಿಯರುಗಳು ಹೊಸ ತಂತ್ರಜ್ಞಾನವನ್ನು ಎಲ್ಲಿ ಕಲಿಯಬೇಕು? ಬಳ್ಳಾರಿಯ ಕುಡಿತಿನಿಯ ಕೇಂದ್ರ, ಯರಮರಸ್, ಶಕ್ತಿನಗರ ಮೂರೂ ಸೇರಿ ಐದು ಸಾವಿರ ಮೆಗಾವ್ಯಾಟ್ ಆಗುತ್ತದೆ. ಇವುಗಳಲ್ಲಿ ಯಾವುದು ಯಾವ ಋತುವಿನಲ್ಲಿ ಎಷ್ಟು ನಡೆಯಬೇಕು ಎಂಬ ಹತ್ತು ವರ್ಷದ ಒಂದು ಚಿತ್ರ ಜನರ ಮುಂದಿರಬೇಕು.

ಕೊನೆಯದಾಗಿ ಶಕ್ತಿನಗರ. ಕಾಲೋನಿ, ಶಾಲೆ, ಆಸ್ಪತ್ರೆ, ಚಹಾದಂಗಡಿ, ಲಾರಿ ಗ್ಯಾರೇಜು, ಬಾಡಿಗೆ ಮನೆ ಎಲ್ಲವೂ ಆ ಚಿಮಣಿಗಳ ಹಿಂದೆ ಬಂದವು. ಕಾಯಂ ನೌಕರರನ್ನು ನಿಗಮ ಬೇರೆಡೆಗೆ ವರ್ಗ ಮಾಡಬಹುದು. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸಬರಾಗಿ ಲೆಕ್ಕಕ್ಕೆ ಬರುವ ಕಾರ್ಮಿಕರಿಗೆ ವರ್ಗವೆಂಬುದಿಲ್ಲ. ಅವರಲ್ಲಿ ಹಲವರು ಕೇಂದ್ರಕ್ಕೆ ಜಮೀನು ಬಿಟ್ಟುಕೊಟ್ಟ ಮನೆತನಗಳ ಮೂರನೆಯ ತಲೆಮಾರು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸರ್ಕಾರಿ ಹುದ್ದೆಗಳಲ್ಲಿ ಈ ಭಾಗದವರಿಗೆ ಮೀಸಲಾತಿ ಬಂತು, ಗುತ್ತಿಗೆ ಕೆಲಸಕ್ಕೆ ಅದರ ನೆರಳು ತಾಗಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಸಿಕ್ಕಿದಾಗ, “ಸರ್, ಒಂದನೇ ಘಟಕ ಮುಚ್ಚುತ್ತಾರಂತೆ, ಹೌದೇ?” ಎಂದು ನನ್ನನ್ನು ಕೇಳಿದ. ಒಳಗೆ ಕೆಲಸ ಮಾಡುವವನು ಹೊರಗಿರುವ ಮೇಷ್ಟ್ರನ್ನು ಕೇಳುವಂತಾದರೆ ನಿಗಮ ತನ್ನವರೊಂದಿಗೇ ಮಾತಾಡುತ್ತಿಲ್ಲ ಎಂದಾಯಿತು.

ಆದ್ದರಿಂದ ತಾವು ಮಾಡಬೇಕಾದದ್ದು ಇದು. 1985 ಮತ್ತು 1986ರ ಎರಡು ಘಟಕಗಳಿಂದ ಆರಂಭಿಸಿ ಎಂಟಕ್ಕೂ ಒಂದೊಂದು ವರ್ಷ ನಮೂದಿಸಿ: ಇಂಥ ವರ್ಷದವರೆಗೆ ಪೂರ್ಣವಾಗಿ, ಇಂಥ ವರ್ಷದವರೆಗೆ ಬರದ ವರ್ಷಕ್ಕೆ ಮೀಸಲಾಗಿ, ಆಮೇಲೆ ಬಂದ್. ಪ್ರತಿ ಹಂತದ ದುರಸ್ತಿಗೆ ಎಷ್ಟು ಹಣವೆಂದು ಬಜೆಟ್ಟಿನಲ್ಲಿ ಪ್ರತ್ಯೇಕವಾಗಿ ತೋರಿಸಿ. ಖಾಲಿಯಾಗುವ ಜಾಗದಲ್ಲಿ, ಇರುವ ಪ್ರಸರಣ ಮಾರ್ಗವನ್ನೇ ಬಳಸಿ ಬ್ಯಾಟರಿ ಸಂಗ್ರಹವನ್ನೋ ಸೌರಫಲಕವನ್ನೋ ತರಬಹುದೇ ಎಂದು ಈಗಲೇ ಅಧ್ಯಯನ ಮಾಡಿಸಿ. 220 ಕೆವಿ, 400 ಕೆವಿ ಮಾರ್ಗಗಳು ಬಂದು ಸೇರುವ ಸ್ವಿಚ್‌ಯಾರ್ಡ್ ಚಿನ್ನದಂಥ ಆಸ್ತಿ, ಗುಜರಿಗೆ ಹೋಗದಿರಲಿ. ಗುತ್ತಿಗೆ ಕಾರ್ಮಿಕರ ಹೆಸರು, ಕೆಲಸ, ಸೇವಾವಧಿಯ ಒಂದು ಪಟ್ಟಿ ನಿಗಮದ ಬಳಿಯೇ ಇರಲಿ, ಗುತ್ತಿಗೆದಾರನ ಚೀಲದಲ್ಲಿ ಅಲ್ಲ. ಘಟಕ ನಿಲ್ಲುವ ಎರಡು ವರ್ಷ ಮೊದಲೇ ಅವರಿಗೆ ಬೇರೆ ಕೆಲಸದ ತರಬೇತಿ ಶುರುವಾಗಲಿ. ಬೂದಿ ಹೊಂಡ ಮುಚ್ಚುವ ಖರ್ಚನ್ನು ಕೇಂದ್ರ ಗಳಿಸುತ್ತಿರುವಾಗಲೇ ಬೇರೆ ಖಾತೆಯಲ್ಲಿ ಇಡಿ. ಗಳಿಕೆ ನಿಂತ ಮೇಲೆ ಕೇಳಿದರೆ ಹಣಕಾಸು ಇಲಾಖೆಯ ಉತ್ತರ ಏನೆಂಬುದು ತಮಗೇ ಗೊತ್ತಿದೆ.

ಬೆಂಗಳೂರಿನಲ್ಲಿ ಪತ್ರಿಕಾಗೋಷ್ಠಿ ಮಾಡಿ ಇದನ್ನು ಹೇಳಬೇಡಿ. ಶಕ್ತಿನಗರಕ್ಕೆ ಬನ್ನಿ. ಸಾರ್ವಜನಿಕ ಅಹವಾಲು ಸಭೆ ನಡೆಸಿ, ದೇವಸೂಗೂರು, ಯರಮರಸ್, ಚಿಕ್ಕಸೂಗೂರಿನವರನ್ನು ಕರೆಯಿರಿ. ಸಭೆಯ ವಾರದ ಮೊದಲು ಯೋಜನೆಯ ಕನ್ನಡ ಪ್ರತಿ ಗ್ರಾಮ ಪಂಚಾಯಿತಿಗಳಲ್ಲಿ ಓದಲು ಸಿಗಲಿ. ಮಾರ್ಚ್‌ನ ಬಜೆಟ್ಟಿಗೆ ಮುಂಚೆ ಆದರೆ ಒಳ್ಳೆಯದು, ಯಾಕೆಂದರೆ ಏಪ್ರಿಲ್ ಬಂದರೆ ಬೇಡಿಕೆ ಏರುತ್ತದೆ, ಆಗ ಎಲ್ಲರಿಗೂ ರೇಕ್ ಎಣಿಸುವುದೇ ಕೆಲಸವಾಗುತ್ತದೆ.

ಇಂತಿ,
ರಾಯಚೂರಿನ ಒಬ್ಬ ನಿವೃತ್ತ ಅಧ್ಯಾಪಕ, ವಿದ್ಯುತ್ ಗ್ರಾಹಕ